ಒಂದೇ ಸೀರೆಯಲ್ಲಿ ರಾಜ ರಾಣಿ

ರಾಣಿಯ ಕೆನ್ನೆಯ ಚೂರನ್ನು ಬೆಳಕಿಗೆ ಹಿಡಿದು, ಒಡೆದ ಅಂಚನ್ನು ಉಗುರಿನಿಂದ ಕೆರೆದೆ. ಸುಣ್ಣದಂಥ ಪುಡಿ ಉದುರಿ ನನ್ನ ಪ್ಯಾಂಟಿನ ಮೇಲೆ ಬಿತ್ತು.

ಪಿಂಗಾಣಿಯನ್ನು ಕೆರೆದರೆ ಉಗುರು ಸವೆಯಬೇಕೇ ಹೊರತು ಪಿಂಗಾಣಿಗೆ ಏನೂ ಆಗುವುದಿಲ್ಲ. ಇದು ಪ್ಲಾಸ್ಟರ್. ಒಳ್ಳೆಯ ಕೈಯಿಂದ ಆದ, ನುಣ್ಣಗೆ ಉಜ್ಜಿ ಬಣ್ಣ ಬಳಿದ ನಕಲಿ.

"ನಾನು ಆಗ್ಲೇ ಹೇಳಲಿಲ್ವಾ ಸಾರ್, ಇದು ನಮ್ಮ ರಾಣಿ ಅಲ್ಲ ಅಂತ," ಎಂದಳು ದೀಪಶ್ರೀ. ನಿಜ, ನಾನು ಚೂರನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ಹೇಳಿದ್ದಳು. ಅದೂ ಒಂದು ನನ್ನ ತಲೆಯೊಳಗೆ ಮುಳ್ಳಿನ ಹಾಗೆ ಕೂತಿತ್ತು.

ದೀಪಶ್ರೀಯ ಅತ್ತೆ, ವರ್ತೂರಿನ ಸುಬ್ಬಲಕ್ಷ್ಮಮ್ಮನವರು, ತಲೆಮಾರುಗಳಿಂದ ದಸರೆಗೆ ಕೂರಿಸುತ್ತ ಕಾಪಾಡಿಕೊಂಡು ಬಂದಿದ್ದ ಜರ್ಮನ್ ಪಿಂಗಾಣಿ ಗೊಂಬೆಗಳನ್ನು ಮುಂಬೈಯ ಸಂಗ್ರಹಕಾರರೊಬ್ಬರು ಕೊಂಡಿದ್ದರು. ಆದರೆ ಒಂದು ಪೆಟ್ಟಿಗೆ ಅಲ್ಲಾಡಿಸಿದರೆ ಗಲಗಲ ಎನ್ನುತ್ತದೆಂದು ಇಡೀ ಲೋಡನ್ನೇ ಬಿಚ್ಚದೆ ವಾಪಸ್ ಕಳಿಸಿದ್ದರು. ಪೀಣ್ಯದ ಪ್ಯಾಕಿಂಗ್ ಶೆಡ್ಡಿನಲ್ಲಿ, ಪೊಲೀಸರೂ ಸೇರಿ ಎಲ್ಲರ ಕಣ್ಣೆದುರು, ಈಗಷ್ಟೇ ಅದರ ಸೀಲು ಒಡೆದಿದ್ದೆವು. ರಾಜ ಇದ್ದ, ಮೂಗಿನ ತುದಿ ಚೂರು ಹಾರಿತ್ತು ಅಷ್ಟೆ. ರಾಣಿಯ ಜಾಗದಲ್ಲಿ ಈ ಪ್ಲಾಸ್ಟರ್ ಚೂರುಗಳಿದ್ದವು.

ಎಲ್ಲರೂ ಸಿದ್ರಾಮನ ಕಡೆ ತಿರುಗಿದರು.

ಗೊಂಬೆಗಳನ್ನು ಕಟ್ಟಿದವನು ಅವನೇ. ಇಳಕಲ್ ಕಡೆಯವನು. ಗಾಜು, ಪಿಂಗಾಣಿ ಕಟ್ಟುವುದಿದ್ದರೆ ಅವನನ್ನೇ ಕಳಿಸಿ ಎಂದು ಗಿರಾಕಿಗಳು ಕೇಳಿ ಕರೆಸಿಕೊಳ್ಳುತ್ತಿದ್ದರಂತೆ. ಈಗ ಗೋಡೆಗೆ ಒರಗಿ, ಕೈಯಲ್ಲಿದ್ದ ಟೇಪಿನ ಉಂಡೆಯನ್ನು ಸುಮ್ಮನೆ ತಿರುಗಿಸುತ್ತ ನಿಂತಿದ್ದ.

"ಈ ಪೆಟ್ಟಿಗೆ ಕಟ್ಟಿದ್ದು ಯಾರಪ್ಪಾ?" ಎಂದೆ.

"ನಾನ ಕಟ್ಟೀನ್ರಿ."

"ಸೀಲ್ ಹಾಕಿದ್ದು?"

"ಅದೂ ನಾನ ಹಾಕೀನ್ರಿ. ಬ್ಯಾರೆ ಯಾರೂ ಮುಟ್ಟಿಲ್ರಿ."

"ಹಾಗಾದ್ರೆ ಅಸಲಿ ರಾಣಿ ಎಲ್ಲಿ?"

ಟೇಪಿನ ಉಂಡೆ ಮಾತ್ರ ತಿರುಗುತ್ತಿತ್ತು.

ನನಗೆ ಮೈಯೆಲ್ಲ ಉರಿದುಹೋಯಿತು. ವಿಮಾ ಕಂಪನಿಗಳಿಗಾಗಿ ಒಡೆದ ಸಾಮಾನಿನ ತನಿಖೆ ಮಾಡುವುದು ನನ್ನ ಹೊಟ್ಟೆಪಾಡು. ಈ ಶ್ಯಾಮಣ್ಣ ನೋಡದ ಕಳ್ಳರಿಲ್ಲ. ಕದ್ದವನಾದರೆ ಸುಳ್ಳು ಹೇಳಬೇಕು, ಕದಿಯದವನಾದರೆ ಕೂಗಾಡಬೇಕು. ಇವನು ಎರಡನ್ನೂ ಮಾಡದೆ ತನ್ನ ಕುತ್ತಿಗೆಯನ್ನು ತಾನೇ ತಂದು ಒಡ್ಡಿದ್ದ. ಬಾಯಿ ಬಿಡು ಎಂದು ಬೈದೆ, ಗದರಿದೆ, ಕೊನೆಗೆ ಅಂಗಲಾಚಿದೆ. ಅವನು ನೆಲ ನೋಡಿದ.

ಇನ್ಸ್‌ಪೆಕ್ಟರ್ ಕಾಡಪ್ಪನವರು ಮೇಲೆದ್ದು ಟೋಪಿ ಸರಿಮಾಡಿಕೊಂಡರು. ದೀಪಶ್ರೀ ಇಲ್ಲೇ ಲಿಖಿತ ದೂರು ಬರೆದುಕೊಟ್ಟಾಗಿದೆ, ಇವನನ್ನು ಠಾಣೆಗೆ ಕರೆದೊಯ್ಯುತ್ತೇನೆ, ಸಂಜೆಯವರೆಗೆ ನಿಮಗೆ ಟೈಮು, ಆಮೇಲೆ ಕೇಸು ಹಾಕಿ ನಾಳೆ ಕೋರ್ಟಿಗೆ ಹಾಜರುಪಡಿಸುವುದೇ ಎಂದರು. ಕಾನ್‌ಸ್ಟೇಬಲ್ ಸಿದ್ರಾಮನ ರಟ್ಟೆ ಹಿಡಿದ. ಸಿದ್ರಾಮ ಹೊರಡುವ ಮೊದಲು ಟೇಪಿನ ಉಂಡೆಯನ್ನು ಜೋಪಾನವಾಗಿ ಅದರ ಗೂಟಕ್ಕೆ ಸಿಕ್ಕಿಸಿ ಹೋದ.

ತಮಾಷೆಯೆಂದರೆ, ಅವನು ಕಳ್ಳನಾದರೆ ಎಲ್ಲರಿಗೂ ಅನುಕೂಲ. ಪ್ಯಾಕಿಂಗ್ ಕಂಪನಿಯ ಮಾಲೀಕ ಶಿವಶಂಕರ್, ಕೆಲಸಗಾರ ಮಾಡಿದ ಕಳ್ಳತನಕ್ಕೆ ನಾವೇನು ಮಾಡೋಣ ಸಾರ್ ಎಂದು ಕೈ ತೊಳೆದುಕೊಳ್ಳಬಹುದು. ನನ್ನ ವಿಮಾ ಕಂಪನಿಯ ಮ್ಯಾನೇಜರು ಬೆಳಗಿನಿಂದ ಫೋನಿನ ಮೇಲೆ ಫೋನು ಮಾಡಿ, ಪ್ಯಾಕಿಂಗಿನವರ ತಪ್ಪು ಅಂತ ಬರೆದು ಫೈಲು ಮುಚ್ಚಿ, ಪರಿಹಾರ ಕೊಡೋದು ಉಳಿಯುತ್ತೆ ಎಂದು ಪ್ರಾಣ ತಿನ್ನುತ್ತಿದ್ದರು. ದೀಪಶ್ರೀಗೆ ಆಫೀಸಿಗೆ ಲೇಟಾಗುತ್ತಿತ್ತು. ಅವಳು ವೈಟ್‌ಫೀಲ್ಡಿನ ಕಡೆ ಕಾರು ತಿರುಗಿಸಿಕೊಂಡು ಹೊರಟೇಹೋದಳು.

ನಾನೊಬ್ಬನೇ ಹಲ್ಲು ಕಡಿಯುತ್ತ ಉಳಿದೆ, ಯಾಕೆಂದರೆ ಏನೋ ಸರಿಯಿರಲಿಲ್ಲ.

ವಾಪಸ್ ಬಂದಿದ್ದ ಉಳಿದ ಪೆಟ್ಟಿಗೆಗಳನ್ನೂ ಬಿಚ್ಚಿಸಿದೆ. ಶಿವಶಂಕರ್ ಗೊಣಗಿದರು, ಮತ್ತೆ ಕಟ್ಟುವ ಖರ್ಚು ಯಾರದು ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಎಂಥ ಕೆಲಸ ಅದು. ಪ್ರತಿ ಗೊಂಬೆಗೂ ಮೊದಲು ತೆಳುವಾದ ಬಿಳಿ ಕಾಗದ. ನ್ಯೂಸ್‌ಪೇಪರಿನ ಸುಳಿವೇ ಇಲ್ಲ, ಅದರ ಮಸಿ ಹಳೆಯ ಬಣ್ಣಕ್ಕೆ ಹತ್ತಿಬಿಡುತ್ತದೆ. ಕತ್ತಿನ ಕೆಳಗೆ, ತೋಳು ಮತ್ತು ಸೊಂಟದ ನಡುವಿನ ಸಂದಿಯಲ್ಲಿ ಹತ್ತಿ ತುಂಬಿತ್ತು. ಅದರ ಮೇಲೆ ಗಾಳಿ ತುಂಬಿದ ಪ್ಲಾಸ್ಟಿಕ್ಕಿನ ಗುಳ್ಳೆ ಶೀಟು. ಪ್ರತಿಯೊಂದಕ್ಕೂ ಅದರದೇ ಒಂದು ಸಣ್ಣ ಡಬ್ಬ. ಆ ಡಬ್ಬಗಳು ದೊಡ್ಡ ಪೆಟ್ಟಿಗೆಯೊಳಗೆ ಯಾವ ಗೋಡೆಗೂ ತಾಗದಂತೆ ಸುತ್ತಲೂ ಥರ್ಮಾಕೋಲಿನ ಚೂರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸದ್ದೇ ಇಲ್ಲ. ಒಂದು ಗೊಂಬೆಯ ಬೆರಳೂ ಮುಕ್ಕಾಗಿರಲಿಲ್ಲ.

ಒಡೆದ ಪೆಟ್ಟಿಗೆಯಲ್ಲೂ ಹೊರಗಿನದೆಲ್ಲ ಹೀಗೆಯೇ ಇತ್ತು. ಒಳಗೆ ಮಾತ್ರ ಬೇರೆ. ರಾಜ ರಾಣಿ ಇಬ್ಬರನ್ನೂ ಮುಖಕ್ಕೆ ಮುಖ ಮಾಡಿ ಮಲಗಿಸಿ, ಹಳೆಯ ಹತ್ತಿ ಸೀರೆಯ ಒಂದೇ ತುಂಡಿನಲ್ಲಿ ಸುತ್ತಿ ಗಂಟು ಹಾಕಿತ್ತು. ಕಾಗದ ಇಲ್ಲ, ನಡುವೆ ಹತ್ತಿ ಇಲ್ಲ, ಏನೂ ಇಲ್ಲ. ಲಾರಿ ಹೊಂಡಕ್ಕೆ ಇಳಿದಾಗಲೆಲ್ಲ ಪಿಂಗಾಣಿಯ ರಾಜ ಪ್ಲಾಸ್ಟರ್ ರಾಣಿಗೆ ಗುದ್ದಿದ್ದಾನೆ, ಅವಳು ಪುಡಿಯಾಗಿದ್ದಾಳೆ.

ಎರಡು ಒಡೆಯುವ ಸಾಮಾನು ಒಂದಕ್ಕೊಂದು ತಾಗಬಾರದು. ಈ ಕಸುಬಿನಲ್ಲಿ ಮೊದಲ ದಿನ ಹೇಳಿಕೊಡುವುದೇ ಅದು. ಗುಳ್ಳೆ ಶೀಟು ಮುಗಿದಿರಬೇಕು ಸಾರ್, ಅವಸರದಲ್ಲಿ ಕಟ್ಟಿರಬೇಕು ಎಂದು ಶಿವಶಂಕರ್ ಸಮಜಾಯಿಷಿ ಕೊಟ್ಟರು. ಆದರೆ ಅವಸರದಲ್ಲಿದ್ದವನು ಅಷ್ಟು ಅಕ್ಕರೆಯಿಂದ ಸೀರೆಯ ಅಂಚನ್ನು ಮಡಿಸಿ ಇಬ್ಬರ ಪಾದಗಳನ್ನೂ ಮುಚ್ಚುವುದಿಲ್ಲ. ಕದ್ದು ನಕಲಿ ಇಡುವವನಾದರೆ ಅದನ್ನು ಇನ್ನೂ ಭದ್ರವಾಗಿ ಕಟ್ಟುತ್ತಾನೆ. ಅದು ಒಡೆಯದೆ ಮುಂಬೈ ಸೇರಿದರೆ ತಾನೇ ಅವನು ಬಚಾವ್?

ಸಿದ್ರಾಮ ಸುಳ್ಳು ಹೇಳಿದ್ದ. ಆ ಗಂಟು ಅವನದಲ್ಲ. ಯಾರದೋ ಗಂಟನ್ನು ತನ್ನದೆಂದು ಒಪ್ಪಿಕೊಂಡು ಲಾಕಪ್ಪಿಗೆ ನಡೆದಿದ್ದ, ಆ ಮೊಂಡ.

ಹೊರಗೆ ಬಂದರೆ ನನ್ನ ಹಳೆಯ ಮಾರುತಿಯ ಪಕ್ಕದಲ್ಲಿ ಅವನ ಹೆಂಡತಿ ನಿಂತಿದ್ದಳು. ಮಹಾದೇವಿ, ಹಿಂದಿನ ರಸ್ತೆಯ ಗಾರ್ಮೆಂಟಿನಲ್ಲಿ ಕೆಲಸಕ್ಕಿದ್ದವಳು, ಗಂಡನ ಬುತ್ತಿ ಹಿಡಿದು ಬಂದವಳಿಗೆ ಗೇಟಿನಲ್ಲಿ ಸುದ್ದಿ ಸಿಕ್ಕಿತ್ತು. ಠಾಣೆಗೆ ಓಡಿದ್ದಾಳೆ, ಕಾನ್‌ಸ್ಟೇಬಲ್ ಒಳಗೆ ಬಿಟ್ಟುಕೊಳ್ಳದೆ, ಆ ವಿಮೆ ಸಾಹೇಬರನ್ನೇ ಕೇಳು ಹೋಗು ಎಂದು ಬಾಗಿಲಿನಿಂದಲೇ ಅಟ್ಟಿದ್ದಾನೆ. ನೀವು ಎಲ್ಲಿಗೆ ಹೋಗುತ್ತೀರೋ ಅಲ್ಲಿಗೆ ನಾನೂ ಬರುತ್ತೇನೆ ಎಂದಳು. ಬೇಡಮ್ಮಾ ಎಂದೆ. ಅವಳು ಹಿಂದಿನ ಬಾಗಿಲು ತೆಗೆದು ಕೂತೇಬಿಟ್ಟಳು. ಗಂಡನಿಗೆ ತಕ್ಕ ಹೆಂಡತಿ.

ಪೀಣ್ಯದಿಂದ ವರ್ತೂರಿಗೆ ಹೋಗುವುದೆಂದರೆ ಬೆಂಗಳೂರಿನ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳಿಗೆ ಅಗೆದು ಅರ್ಧ ರಸ್ತೆಯನ್ನು ತಗಡಿನಲ್ಲಿ ಮುಚ್ಚಿದ್ದರು. ಹೆಬ್ಬಾಳದಲ್ಲಿ ನಿಂತೆವು. ಮಾರತ್ತಹಳ್ಳಿ ಸೇತುವೆಯ ಹತ್ತಿರ ಇಂಜಿನ್ ಆಫ್ ಮಾಡಿ ಕೂತೆವು. ಬಿಸಿಲು, ಹೊಗೆ, ಹಿಂದಿನವನ ಹಾರನ್ನು. ಸಂಜೆ ಹತ್ತಿರ ಬರುತ್ತಿತ್ತು, ಕಾರು ಮಾತ್ರ ಹತ್ತಿರ ಹೋಗುತ್ತಿರಲಿಲ್ಲ. ನಾನು ಸ್ಟೇರಿಂಗಿಗೆ ಗುದ್ದಿದೆ.

"ಹೊಡದ್ರ ಅದು ಓಡತೈತೇನ್ರಿ?" ಎಂದಳು ಮಹಾದೇವಿ ಹಿಂದಿನಿಂದ. ಸಿಟ್ಟಿನಲ್ಲೂ ನಗು ಬಂತು.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಮಾತು ತೆಗೆದಳು. ವರ್ತೂರಿನಿಂದ ಕೆಲಸ ಮುಗಿಸಿ ಬಂದ ದಿನ ಗಂಡ ಸರಿಯಾಗಿ ಊಟ ಮಾಡಲಿಲ್ಲವಂತೆ. ಏನಾಯಿತೆಂದು ಕೇಳಿದರೆ, ತಪ್ಪು ಅಂತ ಗೊತ್ತಿದ್ದೂ ಕಟ್ಟಿ ಬಂದೆ ಎಂದಿದ್ದನಂತೆ. ಯಾರು ಕಟ್ಟಿಸಿದರು ಎಂದದ್ದಕ್ಕೆ ಗೋಡೆಯ ಕಡೆ ಹೊರಳಿ ಮಲಗಿದನಂತೆ.

"ಅಂವಾ ಮಾತು ಕೊಟ್ನಂದ್ರ ಮುಗೀತ್ರಿ. ಜೀವಾ ಹೋದ್ರೂ ಬಾಯಿ ಬಿಡಂಗಿಲ್ಲ. ಆದ್ರ ಕಳ್ಳ ಅಲ್ರಿ ಅಂವಾ."

ಆಗಲೇ ನನ್ನ ಹೆಂಡತಿ ರುದ್ರಮ್ಮನ ಫೋನು ಬಂತು, ಊಟಕ್ಕೆ ಬರುತ್ತೀರೋ ಇಲ್ಲವೋ ಎಂದು. ಇಲ್ಲ ಎಂದು ಬೈಸಿಕೊಂಡೆ. ಬೈಸಿಕೊಂಡ ಮೇಲೆ ಏನೋ ಹೊಳೆದು ಕೇಳಿದೆ: ದಸರೆ ಮುಗಿದ ಮೇಲೆ ಪಟ್ಟದ ಗೊಂಬೆಗಳನ್ನು ನೀನು ಹೇಗೆ ಎತ್ತಿಡುತ್ತೀಯೆ?

"ಹೇಗೆ ಅಂದ್ರೆ? ಮಲಗಿಸಿ, ಮೆತ್ತಗಿರೋ ಹಳೇ ಸೀರೇಲಿ ಸುತ್ತಿ ಇಡ್ತೀನಿ."

"ಬೇರೆ ಬೇರೇನಾ?"

"ಗಂಡ ಹೆಂಡ್ತೀನ ಯಾರಾದ್ರೂ ಬೇರೆ ಬೇರೆ ಸುತ್ತಿಡ್ತಾರೇನ್ರೀ? ತಲೆ ಕೆಟ್ಟಿದೆಯಾ ನಿಮಗೆ?" ಎಂದು ಫೋನ್ ಇಟ್ಟಳು.

ಕೆಟ್ಟಿದ್ದ ತಲೆ ಆಗಲೇ ಸರಿಹೋಯಿತು. ಪೆಟ್ಟಿಗೆ ಕಟ್ಟುವವನ ಕಣ್ಣಿಗೆ ಅವು ತಾಗಬಾರದ ಎರಡು ಸಾಮಾನು. ಗೊಂಬೆ ಕೂರಿಸುವ ಮನೆಯವರಿಗೆ ಅವರು ಅಗಲಬಾರದ ದಂಪತಿ. ಆ ಗಂಟನ್ನು ಹಾಕಿದವರು ಹಬ್ಬದಿಂದ ಹಬ್ಬಕ್ಕೆ ಅದೇ ಗಂಟನ್ನು ಹಾಕುತ್ತ ಬಂದವರು.

ವರ್ತೂರು ಕೆರೆಯ ವಾಸನೆ ಮೂಗಿಗೆ ಬಡಿಯುವ ಹೊತ್ತಿಗೆ ನನ್ನ ಹುಮ್ಮಸ್ಸು ನೆತ್ತಿಗೇರಿತ್ತು.

ಸುಬ್ಬಲಕ್ಷ್ಮಮ್ಮನವರ ಮನೆ ಎರಡು ಅಪಾರ್ಟ್‌ಮೆಂಟುಗಳ ನಡುವೆ ಸಿಕ್ಕಿಕೊಂಡ ಹಳೆಯ ಕಟ್ಟಡ. ಮಹಾದೇವಿ ಒಳಗೆ ಬರಲು ಸಂಕೋಚಪಟ್ಟು ಜಗಲಿಯ ಮೇಲೆ ಕೂತಳು. ನಡುಮನೆಯಲ್ಲಿ ಗೊಂಬೆಗಳ ಮೆಟ್ಟಿಲು ಖಾಲಿಯಾಗಿತ್ತು. ಸುಬ್ಬಲಕ್ಷ್ಮಮ್ಮನವರು ಹೂ ಕಟ್ಟುತ್ತ ಕೂತಿದ್ದರು, ಬೆಳ್ಳಗೆ, ನೆಟ್ಟಗೆ. ಕಾಫಿ ಮಾಡಿಸಲೇ ಎಂದರು.

ನಾನು ಚೀಲದಿಂದ ಸೀರೆಯ ತುಂಡನ್ನು ತೆಗೆದು ಅವರ ಮಡಿಲಿಗೇ ಹಾಕಿದೆ. ಹೂ ಕಟ್ಟುತ್ತಿದ್ದ ಬೆರಳು ನಿಂತಿತು.

"ಇದು ನಿಮ್ಮ ಸೀರೆ ಅಲ್ವಾ ಅಮ್ಮಾ?"

ಸೊಸೆ ಕಳಿಸಿದಳೋ ಎಂದು ಕೇಳಿದರು. ಅವಳು ಆಫೀಸಿನಲ್ಲಿದ್ದಾಳೆ ಎಂದೆ. ನಿಮ್ಮ ಗೊಂಬೆ ಕದ್ದನೆಂದು ಒಬ್ಬನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ, ಅವನ ಹೆಂಡತಿ ಹೊರಗೆ ಜಗಲಿಯ ಮೇಲೆ ಕೂತಿದ್ದಾಳೆ, ಸಂಜೆಯಾದರೆ ಅವನು ಕಳ್ಳನೆಂದೇ ಲೆಕ್ಕ ಎಂದೆ. ಸ್ವರ ಏರಿತ್ತು. ದೊಡ್ಡವರ ಮುಂದೆ ಹಾಗೆ ಮಾತಾಡಬಾರದಿತ್ತು, ಆದರೆ ಮಾರತ್ತಹಳ್ಳಿಯ ಬಿಸಿಲು ಇನ್ನೂ ತಲೆಯಲ್ಲಿತ್ತು.

ಸುಬ್ಬಲಕ್ಷ್ಮಮ್ಮನವರು ಕಿಟಕಿಯಿಂದ ಜಗಲಿಯ ಕಡೆ ನೋಡಿದರು. ಮಹಾದೇವಿ ಬುತ್ತಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಇನ್ನೂ ಬಿಚ್ಚಿರಲಿಲ್ಲ.

"ಕಟ್ಟಿದ್ದು ನಾನೇ ಕಣಪ್ಪಾ," ಎಂದರು.

ಆಮೇಲೆ ತಡೆಯಿಲ್ಲದೆ ಹೇಳಿದರು. ಮಾರುವುದು ಸೊಸೆಯ ತೀರ್ಮಾನ. ಮನೆ ಕೆಡವಿ ಕಟ್ಟಿಸಬೇಕು, ಗೊಂಬೆಗೆಲ್ಲ ಜಾಗ ಎಲ್ಲಿದೆ ಅತ್ತೆ ಎಂದಿದ್ದಳು. ಮಗ ಹೂಂ ಎಂದಿದ್ದ. ಇವರೂ ಹೂಂ ಎಂದಿದ್ದರು. ಆದರೆ ಸಿದ್ರಾಮ ಬಂದು ಒಂದೊಂದೇ ಗೊಂಬೆ ಸುತ್ತಿ ಡಬ್ಬಕ್ಕೆ ಹಾಕುವಾಗ ತಡೆಯಲಾಗಲಿಲ್ಲ. ದೀಪಶ್ರೀ ಆಫೀಸಿಗೆ ಹೊರಟ ಮೇಲೆ, ರಾಜ ರಾಣಿಯನ್ನು ಕೊನೆಯ ಸಲ ನೋಡುತ್ತೇನೆ ಬಿಚ್ಚಪ್ಪಾ ಎಂದಿದ್ದಾರೆ. ಅವನು ಬಿಚ್ಚಿ ಕೊಟ್ಟು, ಕಾಫಿ ಕುಡಿಯಲು ಜಗಲಿಗೆ ಹೋಗಿದ್ದಾನೆ.

ನೋಡಲು ಬರುವ ಮಕ್ಕಳು ಮುಟ್ಟಿ ಬೀಳಿಸಿಯಾರೆಂದು ಬಹಳ ಹಿಂದೆ ರಾಣಿಯದೊಂದು ಪ್ಲಾಸ್ಟರ್ ಪಡಿಯಚ್ಚು ಮಾಡಿಸಿಟ್ಟಿದ್ದರಂತೆ. ಅಸಲಿಯನ್ನು ಬೀರುವಿನಲ್ಲಿಟ್ಟು, ನಕಲಿಯನ್ನು ರಾಜನ ಜೊತೆ ಮಲಗಿಸಿದ್ದಾರೆ.

"ರಾಜನ್ನೂ ಇಟ್ಕೊಳ್ಳೋದಲ್ವಾ ಹಾಗಾದ್ರೆ?" ಎಂದೆ, ತಡೆಯಲಾರದೆ.

"ರಾಜಂಗೆ ನಕಲಿ ಇರಲಿಲ್ವಲ್ಲಪ್ಪಾ. ಡಬ್ಬ ಖಾಲಿ ಹೋದ್ರೆ ಸಿಕ್ಕಿಬೀಳ್ತಿದ್ದೆ. ಆಮೇಲೆ ಅವನೊಬ್ಬನೇ ಅಷ್ಟು ದೂರ ಹೋಗ್ಬೇಕಲ್ಲಾ ಅನ್ನಿಸ್ತು. ಸುಳ್ಳಾದ್ರೂ ಸರಿ, ಜೊತೆಗೊಬ್ಬಳು ಇರ್ಲಿ ಅಂತ ಒಟ್ಟಿಗೆ ಕಟ್ಟಿದೆ."

ಕಟ್ಟಿದ್ದನ್ನು ನೋಡಿ ಸಿದ್ರಾಮ ಹೌಹಾರಿದ್ದಾನೆ. ಅಮ್ಮಾ ಹಿಂಗ ಕಟ್ಟಿದ್ರ ಒಡೀತಾವು ಎಂದು ಬೇಡಿಕೊಂಡಿದ್ದಾನೆ. ಇವರು ಸೀರೆಯ ಮೇಲಿಂದಲೇ ಅವನ ಕೈಯನ್ನು ರಾಜನ ಪಾದಕ್ಕೆ ಮುಟ್ಟಿಸಿ, ಬಿಚ್ಚುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಆಣೆ ಹಾಕಿಸಿಕೊಂಡಿದ್ದಾರೆ. ಅವನು ಆ ಸೀರೆಯ ಗಂಟನ್ನು ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ಸೀಲು ಹಾಕಿದ್ದಾನೆ.

ಸೊಸೆಗೆ ನಕಲಿ ಇದ್ದದ್ದು ಗೊತ್ತೇ ಎಂದು ಕೇಳಿದೆ. ಇಲ್ಲವೇ ಇಲ್ಲ ಎಂದರು. ಅದು ಅವಳು ಮದುವೆಯಾಗಿ ಬರುವ ಮೊದಲೇ ಬೀರುವಿನ ಒಳಖಾನೆ ಸೇರಿತ್ತು, ಆಚೆ ತೆಗೆದೇ ಇರಲಿಲ್ಲ. ಹಾಗಾದರೆ ಚೂರು ಕಂಡ ಕೂಡಲೇ ಅವಳು ಅಷ್ಟು ಖಚಿತವಾಗಿ ಹೇಗೆ ಹೇಳಿದಳು ಎಂಬ ಮುಳ್ಳು ಮತ್ತೆ ಚುಚ್ಚಿತು. ಆದರೆ ಅದನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ. ಮೊದಲು ಆ ಮೊಂಡನನ್ನು ಹೊರಗೆ ತರಬೇಕಿತ್ತು.

ಕಾಡಪ್ಪನವರಿಗೆ ಫೋನ್ ಹಚ್ಚಿ, ಸುಬ್ಬಲಕ್ಷ್ಮಮ್ಮನವರ ಕೈಗೇ ಕೊಟ್ಟೆ.

"ಗೊಂಬೆ ನನ್ನ ಮನೇಲೇ ಇದೆ, ಸಾರ್. ಯಾರೂ ಕದ್ದಿಲ್ಲ. ನಾನೇ ಎತ್ತಿಟ್ಕೊಂಡಿದೀನಿ. ಆ ಹುಡುಗನ್ನ ಬಿಟ್ಬಿಡಿ," ಎಂದರು ಅವರು, ಸ್ಪಷ್ಟವಾಗಿ, ಅಳುಕಿಲ್ಲದೆ.

ಗೊಂಬೆಯ ಯಜಮಾನಿಯೇ ಹೀಗೆಂದ ಮೇಲೆ ದೂರಿಗೆ ಏನು ಬೆಲೆ? ಕಾಡಪ್ಪನವರು ನನ್ನ ಜೊತೆ ಮಾತಾಡಿ, ಸರಿ ಶ್ಯಾಮಣ್ಣ, ಒಂದು ಹೇಳಿಕೆ ಬರೆಸಿಕೊಂಡು ತನ್ನಿ, ಈಗಲೇ ಬಿಡಲು ಹೇಳುತ್ತೇನೆ ಎಂದರು. ನಾನು ಜಗಲಿಗೆ ಬಂದು ಮಹಾದೇವಿಗೆ ಹೇಳಿದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಮೊದಲ ಸಲ ನೀರು ಕೇಳಿ ಕುಡಿದಳು. ಬೆಳಗಿನಿಂದ ಕಾಡಿದ್ದ ಸಿಟ್ಟೆಲ್ಲ ಇಳಿದು, ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆ ಅನ್ನಿಸಿತು.

ಗೊಂಬೆಯನ್ನು ಕಣ್ಣಾರೆ ನೋಡಿ ಆಮೇಲೆ ಫೋನ್ ಮಾಡಬೇಕಿತ್ತು.

ಸುಬ್ಬಲಕ್ಷ್ಮಮ್ಮನವರು ಸೊಂಟದಿಂದ ಬೀಗದ ಕೈ ತೆಗೆದು ಕೋಣೆಯ ಬೀರು ತೆರೆದರು. ಮೇಲಿನ ಅರೆಯ ರೇಷ್ಮೆ ಸೀರೆಗಳನ್ನು ಸರಿಸಿದರು. ಒಳಖಾನೆಯ ಬಾಗಿಲು ಎಳೆದರು. ಅದರೊಳಗೆ ಒಂದು ಬಿಳಿ ಟವಲ್ಲು ಮಡಿಸಿಟ್ಟಿತ್ತು. ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು; ಎತ್ತಿದ ಕ್ಷಣದಲ್ಲೇ ಅವರ ಮುಖ ಬಿಳಿಚಿತು. ಟವಲ್ಲಿನಲ್ಲಿ ಭಾರವೇ ಇರಲಿಲ್ಲ.

ಬಿಚ್ಚಿದೆವು. ಒಳಗೆ ಮಡಿಸಿದ ಇನ್ನೊಂದು ಟವಲ್ಲು.

ಸೀರೆಗಳನ್ನೆಲ್ಲ ಮಂಚದ ಮೇಲೆ ಎಳೆದು ಹಾಕಿದರು. ಅರೆಯ ಮೂಲೆಗಳಿಗೆಲ್ಲ ಕೈ ಹಾಕಿ ತಡಕಿದರು. ನಾನು ಮಂಚದ ಕೆಳಗೆ ಬಗ್ಗಿದೆ. ರಾಣಿ ಇರಲಿಲ್ಲ. ಬೀಗ ಮುರಿದಿರಲಿಲ್ಲ, ಕಿಟಕಿಯ ಸರಳು ಅಲ್ಲಾಡಿರಲಿಲ್ಲ.

"ಇಲ್ಲಿಟ್ಟಿದ್ದು ಯಾರ್ಯಾರಿಗೆ ಗೊತ್ತಿತ್ತು ಅಮ್ಮಾ?"

ಅವರು ಮಂಚದ ಅಂಚಿಗೆ ಕುಸಿದು ಕೂತರು.

"ಯಾರಿಗೂ ಗೊತ್ತಿರಲಿಲ್ಲ. ನಾನು ಒಳಗಿಡೋವಾಗ ಅವನು ಕಾಫಿ ಲೋಟ ಕೊಡಕ್ಕೆ ಬಂದ. ನೋಡ್ಬಿಟ್ಟ. ಅದಕ್ಕೇ ಆಣೆ ಹಾಕಿಸ್ಕೊಂಡಿದ್ದು. ಸಿದ್ರಾಮ ಒಬ್ಬನೇ."

ಬೆಳಗಿನಿಂದ ಅವನು ಕಳ್ಳನಲ್ಲವೆಂದು ಸಾಧಿಸಲು ಊರೆಲ್ಲ ಅಲೆದು, ಕೊನೆಗೆ ಅಸಲಿ ರಾಣಿಯ ಜಾಗ ಗೊತ್ತಿದ್ದ ಒಬ್ಬನೇ ಒಬ್ಬ ಹೊರಗಿನವನೆಂದರೆ ಅವನೇ ಎಂದು ನಾನೇ ಸಾಧಿಸಿಕೊಟ್ಟಿದ್ದೆ. ಅವನ ಮೌನಕ್ಕೆ ಆಣೆಯೊಂದೇ ಕಾರಣವೋ, ಇನ್ನೇನಾದರೂ ಇತ್ತೋ? ಅವನಲ್ಲ ಎಂದು ಮನಸ್ಸು ಹೇಳುತ್ತಿತ್ತು. ಮನಸ್ಸು ಹೇಳಿದ್ದನ್ನು ಕಾಡಪ್ಪನವರಿಗೆ ಹೇಳಿದರೆ ನಕ್ಕುಬಿಡುತ್ತಾರೆ.

ಫೋನ್ ತೆಗೆದುಕೊಂಡು ಜಗಲಿಗೆ ಬಂದೆ, ಒಳಗೆ ಸಿಗ್ನಲ್ ಸರಿಯಿರಲಿಲ್ಲ. ಮಹಾದೇವಿಯ ಎದುರೇ ಮಾತಾಡಬೇಕಾಯಿತು. ಅವಳಿಗೆ ಬೆನ್ನು ಹಾಕಿ ನಿಂತು ದನಿ ತಗ್ಗಿಸಿದೆ. ಅವನನ್ನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂರಿಸಿಕೊಳ್ಳಿ, ನಾನು ಬಂದು ವಿವರಿಸುತ್ತೇನೆ ಎಂದೆ. ನನ್ನ ಮಾತು ನನಗೇ ಕಹಿಯಾಗಿತ್ತು.

"ಏನ್ರೀ ಶ್ಯಾಮಣ್ಣ, ಆಟ ಆಡ್ತಿದೀರಾ?" ಎಂದರು ಕಾಡಪ್ಪನವರು. "ನೀವು ಫೋನ್ ಇಡ್ತಿದ್ದಂಗೇ ಬಿಡಕ್ಕೆ ಹೇಳಿ ನಾನು ರೌಂಡ್ಸಿಗೆ ಬಂದೆ. ಆಗ್ಲೇ ಹೋದನಂತೆ ಅವನು."

"ಎಲ್ಲಿಗೆ ಹೋದ?"

"ಮನೆಗೇ ಹೋಗಿರ್ತಾನೆ. ಅವನ ಹೆಂಡ್ತಿ ಗೇಟಲ್ಲೇ ಕಾಯ್ತಿದ್ಲಂತೆ. ಇವನು ಮೊದ್ಲು ಒಲ್ಲೆ ಅಂದನಂತೆ, ಅವಳು ಕಿವೀಲಿ ಏನೋ ಹೇಳಿದ ಮೇಲೆ ಸುಮ್ಮನೆ ಅವಳು ಓಡಿಸ್ಕೊಂಡು ಬಂದಿದ್ದ ಕಾರು ಹತ್ತಿದನಂತೆ. ಆಗಷ್ಟೇ ಡ್ಯೂಟಿಗೆ ಬಂದಿದ್ದ ನಮ್ ಪೇದೆ ನೋಡಿದಾನೆ."

ನಾನು ನಿಧಾನವಾಗಿ ಹಿಂದಕ್ಕೆ ತಿರುಗಿದೆ.

ಮಹಾದೇವಿ ಜಗಲಿಯಿಂದ ಎದ್ದು, ಸೀರೆ ಕೊಡವಿಕೊಂಡು, ಬುತ್ತಿಯ ಗಂಟು ಕೈಗೆತ್ತಿಕೊಂಡು ಹೊರಡಲು ತಯಾರಾಗಿ ನಿಂತಿದ್ದಳು.

"ಬಿಟ್ರೇನ್ರಿ ಸಾಹೇಬ್ರ ಅಂವನ್ನ?" ಎಂದಳು. "ಒಬ್ಬಾಂವ ಹೆಂಗ ಬರ್ತಾನೋ ಏನೋ. ಅಲ್ಲೇ ಗೇಟಿನ್ಯಾಗ ನಿಂದ್ರು, ನಾನ ಬಂದು ಕರ್ಕೊಂಡು ಹೋಗ್ತೀನಿ ಅಂತ ಹೇಳಾಕ ಬರತೈತೇನ್ರಿ?"